ಕಾಣೆಯಾದ ಹದಿನೇಳನೇ ತಾರೀಕು

"ಹದಿನೇಳು ಎಲ್ಲಿ ಹೋಯ್ತು?"

ಇನ್‌ಸ್ಪೆಕ್ಟರ್ ಕೇಳಿದ್ದು ಯಾರನ್ನೂ ಅಲ್ಲ. ಬಾಕ್ಸಿಂಗ್ ಹಾಲಿನ ಆ ಪುಟ್ಟ ಆಫೀಸು ಕೋಣೆಯಲ್ಲಿ ಆಕೆಯ ಜೊತೆಗಿದ್ದದ್ದು ಒಂದು ಹಳೆಯ ಟಿ.ವಿ., ಅದಕ್ಕೆ ವೈರು ಸಿಕ್ಕಿಸಿದ ಅಂಗೈಯಗಲದ ಕ್ಯಾಮೆರಾ, ಗೋಡೆಯ ಮೊಳೆಗಳಿಗೆ ಜೋಡಿ ಜೋಡಿಯಾಗಿ ನೇತುಬಿದ್ದ ಗ್ಲೌಸುಗಳು. ಎಷ್ಟೋ ಮೂಗುಗಳ ರಕ್ತ ಕುಡಿದು ಕಪ್ಪಾದ ಗ್ಲೌಸುಗಳು. ಅವೂ ಬಾಯಿ ಬಿಡಲಿಲ್ಲ.

ಆಕೆ ರಿಮೋಟಿನ ಗುಂಡಿಯನ್ನು ಮತ್ತೊಮ್ಮೆ ಒತ್ತಿದಳು. ತಾರೀಕು ಹುಡುಕುವ ಗುಂಡಿ ಅದು. ಒತ್ತಿದರೆ ಟೇಪು ಒಳಗೊಳಗೇ ಗುಂಯ್ ಎಂದು ಓಡಿ, ತಾರೀಕು ಬದಲಾಗುವ ಜಾಗಕ್ಕೆ ಬಂದು ತಾನಾಗಿಯೇ ನಿಲ್ಲುತ್ತದೆ; ಪರದೆಯ ಮೂಲೆಯಲ್ಲಿ ಆ ದಿನದ ಅಂಕಿ ಮೂಡುತ್ತದೆ.

ಹದಿನೈದು. ಇಬ್ಬರು ಹುಡುಗರು ಹಣೆಗೆ ಹಣೆ ಹಚ್ಚಿ ಪಕ್ಕೆಗೆ ಗುದ್ದಿಕೊಳ್ಳುತ್ತಿದ್ದರು.

ಹದಿನಾರು. ಎಲ್ಲರೂ ಎಡಚ ಎಂದು ಕರೆಯುವ ಹುಡುಗ ಒಬ್ಬನೇ ಮರಳಿನ ಚೀಲದ ಮುಂದೆ ನಿಂತು ಎಡಗೈ ಬೀಸುತ್ತಿದ್ದ. ಪ್ರತಿ ಏಟಿಗೂ ಚೀಲ ಹೊಟ್ಟೆನೋವು ಬಂದವರಂತೆ ನರಳುತ್ತಿತ್ತು. ಪರದೆಯ ಹೊರಗಿನಿಂದ ಬಾಕ್ಸಿಂಗ್ ಕಲಿಸುವ ಮಾಸ್ತರ ದನಿ ಕೇಳಿಸಿತು: "ಸಿಟ್ಟಲ್ಲಿ ಹೊಡೀಬೇಡ್ವೋ, ಲೆಕ್ಕದಲ್ಲಿ ಹೊಡಿ!"

ಇನ್ನೊಮ್ಮೆ ಒತ್ತಿದರೆ ಹತ್ತೊಂಬತ್ತು. ಆಮೇಲೆ ಟೇಪೇ ಮುಗಿದುಹೋಗುತ್ತಿತ್ತು.

ಹದಿನೇಳರ ಸಂಜೆ ಈ ಗೋಡೆಯಾಚೆಯ ರಿಂಗಿನಲ್ಲಿ ಯಾರೋ ಮಾಸ್ತರ ಬಲದವಡೆಯನ್ನು ಪುಡಿಮಾಡಿ, ಕಣ್ಣಿನ ಸುತ್ತಲ ಮೂಳೆ ಒಳಕ್ಕೆ ಕುಸಿಯುವವರೆಗೆ ಗುದ್ದಿ ಕೊಂದಿದ್ದರು. ಗಾಯದೊಳಗೆ ಬಿಳಿ ಪುಡಿ ಸಿಕ್ಕಿತ್ತು. ಗ್ಲೌಸಿನೊಳಗೆ ಕೈಗೆ ಸುತ್ತುವ ಬಟ್ಟೆಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಒಣಗಿಸಿದರೆ ಅದು ಕೈ ಅಲ್ಲ, ಸುತ್ತಿಗೆ. ಏಟು ಬಿದ್ದದ್ದು ಬಲಗೆನ್ನೆಗೆ, ಆದ್ದರಿಂದ ಕೊಂದವನು ಎಡಗೈಯವನು ಎಂದು ತೀರ್ಮಾನಿಸಿ, ಮಾಸ್ತರ ಮನೆಯಲ್ಲೇ ಉಂಡು ಬೆಳೆದ ಎಡಚನನ್ನು ಹಿಡಿದು ಹಾಕಿದ್ದರು.

ಹತ್ತೊಂಬತ್ತರ ಹೊತ್ತಿಗೆ ಮಾಸ್ತರು ಮಣ್ಣು ಸೇರಿದ್ದರು. ಹಾಲಿಗೆ ಪೊಲೀಸರ ಬೀಗ ಬಿದ್ದಿತ್ತು. ಹಾಗಿದ್ದರೆ ಹತ್ತೊಂಬತ್ತರಂದು ಈ ಕ್ಯಾಮೆರಾ ಒತ್ತಿದ ಬೆರಳು ಯಾರದು?

ಪರದೆಯ ಮೇಲೆ ಬರೀ ಛಾವಣಿ. ತಗಡಿನ ಹಾಳೆಗಳು, ಒಂದು ಟ್ಯೂಬ್‌ಲೈಟು, ಅದರ ತುದಿಯಲ್ಲಿ ಜೇಡರ ಬಲೆ. ಕ್ಯಾಮೆರಾವನ್ನು ಮೇಲ್ಮುಖ ಮಾಡಿ ಮೇಜಿನ ಮೇಲೆ ಇಟ್ಟುಬಿಟ್ಟಿದ್ದಾರೆ. ನಿಮಿಷಗಳು ಉರುಳಿದರೂ ಅದೇ ಛಾವಣಿ.

ಆಕೆ ದನಿ ಏರಿಸಿದಳು. ಮೊದಲು ಏನೂ ಇಲ್ಲ. ಆಮೇಲೆ, ತೀರ ಹತ್ತಿರದಲ್ಲಿ, ಯಾರೋ ಮೂಗೆಳೆದ ಸದ್ದು. ಗಂಡಸು. ತನ್ನ ತೋಳನ್ನು ತಾನೇ ಕಚ್ಚಿ ಹಿಡಿದುಕೊಂಡು ಅಳುತ್ತಿರುವಂಥ ಸದ್ದು.

"ಮೀಸೆಯವರೇ!"

ಹೆಡ್ ಕಾನ್‌ಸ್ಟೇಬಲ್ ಬಾಗಿಲಲ್ಲಿ ಮುಖ ತೂರಿಸಿದ. ಅವನಿಗಿಂತ ಮೊದಲು ಅವನ ಮೀಸೆ ಒಳಗೆ ಬಂತು. ಠಾಣೆಯಲ್ಲಿ ಅವನ ನಿಜವಾದ ಹೆಸರು ನೆನಪಿದ್ದವರು ಯಾರೂ ಇರಲಿಲ್ಲ.

"ಹತ್ತೊಂಬತ್ತನೇ ತಾರೀಕು ಈ ಹಾಲಿನ ಬೀಗ ಯಾರಿಗೆ ತೆಗೆದುಕೊಟ್ರಿ?"

"ಸಣ್ಣ ಮಾಸ್ತರನಿಗೆ, ಮೇಡಂ. ಅಣ್ಣನ ಕನ್ನಡಕ ಒಳಗೆ ಉಳಿದುಬಿಟ್ಟಿದೆ, ಅತ್ತಿಗೆ ಕೇಳ್ತಿದ್ದಾರೆ ಅಂದ. ಸತ್ತೋರ ಕನ್ನಡಕ ಅಲ್ವಾ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ನೀವೂ ಒಳಗೆ ಬಂದ್ರಾ?"

"ಬಾಗಿಲಲ್ಲೇ ಇದ್ದೆ."

"ಬಾಗಿಲಲ್ಲಾ, ಎದುರಿನ ಟೀ ಅಂಗಡಿಯಲ್ಲಾ?"

ಮೀಸೆ ತನ್ನ ಮೀಸೆಯನ್ನು ಸವರಿಕೊಂಡ. "ಅಲ್ಲಿಂದ ಬಾಗಿಲು ಚೆನ್ನಾಗಿ ಕಾಣಿಸುತ್ತೆ, ಮೇಡಂ."

"ಎಷ್ಟು ಹೊತ್ತು?"

"ಎರಡು ಟೀ ಆಯ್ತು. ಮಧ್ಯೆ ಒಂದು ಬನ್ನು."

"ಕನ್ನಡಕ ಹುಡುಕೋಕೆ?"

"ಹುಡುಕೋನೇ ಕನ್ನಡಕ ಹಾಕಿರಲಿಲ್ಲ ಅಲ್ವಾ, ತಡ ಆಗುತ್ತೆ ಅಂದುಕೊಂಡೆ," ಎಂದು ಗೊಣಗಿದ ಮೀಸೆ. ಆಕೆ ನಗಲಿಲ್ಲ. ಅವನೂ ಗಂಭೀರನಾದ. "ಎಡಚ ನೀರೂ ಮುಟ್ತಿಲ್ಲ, ಮೇಡಂ. ಸಬ್ ಇನ್‌ಸ್ಪೆಕ್ಟರ್ ಸಾಹೇಬ್ರು ರಾತ್ರಿಯೆಲ್ಲ ಪಾದಕ್ಕೆ ಹೊಡೆಸಿದ್ದಾರೆ. ಬಾಕ್ಸರ್ ನನ್ಮಗ, ಮುಖಕ್ಕೆ ಹೊಡೆದ್ರೆ ಜಗ್ಗಲ್ಲ ಅಂತ. ಬೆಳಗಾಗೋ ಹೊತ್ತಿಗೆ ಒಪ್ಪಿಕೊಂಡು ರುಜು ಹಾಕಿದ. ಪಾದ ಎರಡೂ ಹಲಸಿನಹಣ್ಣು ಆಗಿದೆ."

"ಪಕ್ಕೆ?"

"ಅದು ನಾವಲ್ಲ. ಹಿಡಿದು ತಂದಾಗಲೇ ಬಲಪಕ್ಕೆ ಮುರಿದಿತ್ತು. ಯಾರು ಹೊಡೆದದ್ದು ಅಂದ್ರೆ ಬಿದ್ದೆ ಅಂತಾನೆ. ಹದಿನೇಳರ ಸಂಜೆ ಯಾರ ಜೊತೆ ಆಡಿದೆ ಅಂದ್ರೆ ಗೋಡೆ ನೋಡ್ತಾನೆ. ಮೂರು ಗಂಟೆಗೆ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ."

ದೊಡ್ಡ ಸಾಹೇಬರು ಬೆಳಿಗ್ಗೆಯೇ ಫೋನಿನಲ್ಲಿ ಕೈ ತೊಳೆದುಕೊಂಡಿದ್ದರು. "ಬೇರೆ ಹೆಸರು ಕೊಡಮ್ಮ, ಇವನನ್ನ ಈಗಲೇ ಬಿಡ್ತೀನಿ. ಹೆಸರಿಲ್ಲದೆ ಬರೀ ಟೇಪು ಇಟ್ಕೊಂಡು ನಾನೇನು ಮದುವೆ ವಿಡಿಯೋ ನೋಡ್ಲಾ?"

ಆಕೆ ಎದ್ದು ಹೊರಬಂದಳು. ಹಾಲಿನ ಗೋಡೆಯುದ್ದಕ್ಕೂ ಹಾಕಿದ್ದ ಬೆಂಚಿನ ಮೇಲೆ ಮಾಸ್ತರ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಮಗಳು. ಬಟ್ಟೆ ತೊಳೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಗಾಡಿ ಓಡಿಸುವವಳು. ಅಪ್ಪನದೇ ಅಗಲ ಭುಜ, ಅಪ್ಪನದೇ ಮೌನ. ಅಮ್ಮ ಎಲ್ಲಿಗೆ ಹೊರಟರೂ ಅವಳೇ ಸ್ಕೂಟರಿನಲ್ಲಿ ಕರೆತರುತ್ತಿದ್ದಳು.

"ಸಿಕ್ತಾ?" ಎಂದಳು ಮಾಸ್ತರ ಹೆಂಡತಿ. ಈ ಟೇಪನ್ನು ನೋಡಿ ಎಂದು ಠಾಣೆಯ ಬಾಗಿಲಲ್ಲಿ ಕೂತು ಹಟ ಹಿಡಿದವಳೇ ಅವಳು. "ಅವರು ದಿನಾ ಹಿಡೀತಿದ್ರು. ಹುಡುಗರಿಗೆ ಮೊನ್ನೆ ಹೀಗೆ ನಿಂತಿದ್ದೆ, ಇವತ್ತು ಹೀಗೆ ನಿಂತಿದ್ದೀಯ ಅಂತ ತಾರೀಕು ಹಾಕಿ ತೋರಿಸ್ತಿದ್ರು. ಹದಿನೇಳು ಅದರಲ್ಲಿ ಇರಲೇಬೇಕು."

"ಅದರ ಮೇಲೆ ಬೇರೆ ಏನೋ ತುಂಬಿ ಅಳಿಸಿದ್ದಾರೆ, ಅಮ್ಮ."

ಹೆಂಗಸಿನ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು. "ಎಡಚ ನನ್ನ ಹೊಟ್ಟೇಲಿ ಹುಟ್ಟಲಿಲ್ಲ, ಅಷ್ಟೇ. ಅವನೂ ನನ್ನ ಮಗನೇ. ಅವನು ಇವರ ಮೇಲೆ ಕೈ ಎತ್ತೋನಲ್ಲ. ಕೊಂದವರು ಯಾರು ಅಂತ ನನಗೆ ಕೊಡಿ. ಕೊರಳಿಗೆ ನಾನೇ ಕೈ ಹಾಕ್ತೀನಿ."

ಮಗಳು ತಾಯಿಯ ಬೆನ್ನು ಸವರಿದಳು.

*

ಮಾಸ್ತರ ತಮ್ಮ ರಿಂಗಿನ ನಡುವೆ ಮೊಣಕಾಲೂರಿ ಕಲೆ ಉಜ್ಜುತ್ತಿದ್ದ. ಬೀಗ ತೆಗೆದ ಕೂಡಲೇ ಬಕೆಟ್ಟು ಹಿಡಿದು ಬಂದಿದ್ದ. ಕ್ಯಾನ್ವಾಸಿನ ಮೇಲೆ ಅಣ್ಣನ ರಕ್ತ ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅವನು ಉಜ್ಜಿದಷ್ಟೂ ಅದು ಅಗಲವಾಗುತ್ತಿತ್ತು.

"ಬಿಡಿ ಸಣ್ಣ ಮಾಸ್ತರೇ. ಅದು ಹೋಗಲ್ಲ," ಎಂದಳು ಇನ್‌ಸ್ಪೆಕ್ಟರ್.

"ನಾಳೆಯಿಂದ ಹುಡುಗರು ಬರ್ತಾರೆ. ಇದರ ಮೇಲೆ ಹೇಗೆ ನಿಲ್ತಾರೆ?"

"ಒಳಗೆ ಬನ್ನಿ. ನಿಮಗೊಂದು ಸಿನಿಮಾ ತೋರಿಸ್ತೀನಿ."

ಅವನು ಕೈ ಒರೆಸಿಕೊಂಡು ಬಂದ. ಹಗ್ಗ ಹೊಸೆದಂಥ ಮೈ. ಮೂಗು ಎರಡು ಕಡೆ ಮುರಿದು ಸೇರಿಕೊಂಡದ್ದು. ಹಿಂದೆ ತಾನೂ ರಿಂಗಿನಲ್ಲಿ ಹೆಸರು ಮಾಡಿದವನು. ಬಾಗಿಲಿಗೆ ಅಡ್ಡವಾಗಿ ಮೀಸೆ ನಿಂತ.

ಪರದೆಯ ಮೇಲೆ ಛಾವಣಿ ಮೂಡಿತು.

"ಇದೇನು?" ಎಂದ ಅವನು.

"ನೀವೇ ಹೇಳ್ಬೇಕು."

"ಯಾರೋ ಗೊತ್ತಿಲ್ಲದೆ ಗುಂಡಿ ಒತ್ತಿರ್ಬೇಕು. ಅಣ್ಣನೇ ಒತ್ತಿರ್ಬಹುದು."

"ನಿಮ್ಮಣ್ಣ ಸತ್ತ ಎರಡು ದಿನಕ್ಕೆ?"

ಅವನ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಂಕಿ ಅಲ್ಲಿ ಬೆಳ್ಳಗೆ ಕೂತಿತ್ತು.

"ಇದು... ಇದು ಮೊದಲು ಇರಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಇನ್‌ಸ್ಪೆಕ್ಟರ್ ಮೆಲ್ಲಗೆ ಹೇಳಿದಳು: "ಯಾವಾಗ ಇರಲಿಲ್ಲ? ನೀವು ನೋಡಿದಾಗಲಾ? ಪರದೆಯ ಮೇಲೆ ಬೇಡ ಅಂದ್ರೆ ಕಾಣಿಸಲ್ಲ. ಆದ್ರೆ ನೀವು ತುಂಬಿದ ದಿನ ಟೇಪಿನ ಹೊಟ್ಟೆಯಲ್ಲಿ ಕೂತೇ ಇರುತ್ತೆ. ಛಾವಣಿ ತೋರಿಸಿ ಹದಿನೇಳನ್ನ ಮುಚ್ಚಿದ್ರಿ. ಅಳೋ ಸದ್ದನ್ನ ಮುಚ್ಚಲಿಲ್ಲ. ಕೇಳಿಸ್ಕೊಳ್ಳಿ."

ದನಿ ಏರಿತು. ಕೋಣೆಯ ತುಂಬ ಅವನದೇ ಬಿಕ್ಕು.

ಅವನು ತಿರುಗಿದ್ದು ಕಾಣಿಸಲಿಲ್ಲ, ಕೇಳಿಸಿತು. ಮೊದಲ ಗುದ್ದು ಮೀಸೆಯ ಮೂಗಿಗೆ. ಹಸಿ ಕಡ್ಡಿ ಮುರಿದಂತೆ ಲಟಕ್ಕೆಂದಿತು. ಮೀಸೆ ಗೋಡೆಗೆ ಬಡಿದು, ಗ್ಲೌಸುಗಳ ಗೊಂಚಲನ್ನು ಮೈಮೇಲೆ ಎಳೆದುಕೊಂಡು ಕುಸಿದ. ಎರಡನೆಯದು ಆಕೆಯ ಪಕ್ಕೆಗೆ. ಉಸಿರೆಲ್ಲ ಒಂದೇ ಸಲ ಹೊರಗೆ ಹೋಯಿತು. ಬಾಯಿ ತೆರೆದೇ ಇತ್ತು, ಗಾಳಿ ಮಾತ್ರ ಒಳಗೆ ಬರಲೊಲ್ಲದು.

ಅವನ ಕೈ ಕ್ಯಾಮೆರಾದ ಕಡೆಗೆ ಹೋಯಿತು.

ಆಕೆ ಅವನ ತಲೆಗೂದಲು ಹಿಡಿದು ಹಿಂದಕ್ಕೆಳೆದಳು. ಅವನು ಮೊಣಕೈಯಿಂದ ಆಕೆಯ ತುಟಿ ಒಡೆದ. ರಕ್ತದ ಉಪ್ಪು ನಾಲಿಗೆಗೆ ಹತ್ತಿತು. ಕ್ಯಾಮೆರಾ ಮೇಜಿನಿಂದ ಜಾರಿ ವೈರಿಗೆ ಜೋತುಬಿತ್ತು. ಅವನು ಅದನ್ನು ಕಿತ್ತುಕೊಂಡು ಬಾಗಿಲಿಗೆ ಹಾರಿದ. ಬಿದ್ದಲ್ಲಿಂದಲೇ ಮೀಸೆ ಅವನ ಕಾಲು ಹಿಡಿದ. ಹಿಡಿದವನ ಮುಖಕ್ಕೆ ಅವನು ಹಿಮ್ಮಡಿಯಿಂದ ಒದ್ದ. ಮೀಸೆ ಕೈ ಬಿಡಲಿಲ್ಲ. ಮತ್ತೆ ಒದ್ದ. ಮೀಸೆ ಆಗಲೂ ಬಿಡಲಿಲ್ಲ.

ಅಷ್ಟು ಸಾಕಾಯಿತು. ಆಕೆ ಮೂಲೆಯಲ್ಲಿದ್ದ ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಬೀಸಿದಳು. ಚಿಪ್ಪು ಸರಿದದ್ದು ಆಕೆಯ ಅಂಗೈಗೇ ತಿಳಿಯಿತು. ಅವನು ಅರಚಿಕೊಂಡು ಹೊರಗಿನ ಹಾಲಿಗೆ ಮುಗ್ಗರಿಸಿದ. ಕ್ಯಾಮೆರಾ ಅವನ ಕೈಯಿಂದ ಚಿಮ್ಮಿ ಮೆತ್ತನೆಯ ಚಾಪೆಯ ಮೇಲೆ ಹೋಗಿ ಬಿತ್ತು. ಅವನು ಬಿದ್ದದ್ದು ಮಾತ್ರ ರಿಂಗಿನ ಗಂಟೆ ತೂಗುಹಾಕಿದ್ದ ಕಬ್ಬಿಣದ ಕಂಬದ ಮೇಲೆ, ತಲೆ ಮೊದಲಾಗಿ.

ಗಂಟೆ ಠಣ್ ಎಂದಿತು. ಆ ಹಾಲಿನಲ್ಲಿ ಆ ಸದ್ದಿಗೆ ಎಲ್ಲರೂ ನಿಂತು ಅಭ್ಯಾಸ. ಎಲ್ಲರೂ ನಿಂತರು.

ಇನ್‌ಸ್ಪೆಕ್ಟರ್ ಅವನ ಎದೆಯ ಮೇಲೆ ಮೊಣಕಾಲೂರಿ ಕೈಗೆ ಕೋಳ ಹಾಕಿದಳು. ಅವನ ಹಣೆಯಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು.

"ಅಣ್ಣನ್ನ ಯಾಕೆ ಕೊಂದೆ?"

"ಅಳಿಸಿದ್ದು ನಾನು," ಎಂದ ಅವನು. ಮಾತಿನ ಜೊತೆ ಒಂದು ಹಲ್ಲೂ ಬಂತು. "ಕೊಂದದ್ದು ನಾನಲ್ಲ. ಅಣ್ಣ ಹೋದ. ಅಣ್ಣನ ಮನೆಯಾದ್ರೂ ಉಳೀಲಿ ಅಂತ... ಆವತ್ತಿನ ಆಟ ಇತ್ತು ಅದರಲ್ಲಿ... ಯಾರ ಜೊತೆ ಯಾರು..."

ಕಣ್ಣು ಮೇಲಕ್ಕೆ ಹೊರಳಿತು. ಪ್ರಜ್ಞೆ ತಪ್ಪಿತ್ತು.

ಅವನ ಅಣ್ಣನ ಮಗಳು ಓಡಿಬಂದು ಚಿಕ್ಕಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಓಡುತ್ತಲೇ ಎಲ್ಲಿಂದಲೋ ಐಸ್ ಚೀಲ ಎತ್ತಿಕೊಂಡು ಬಂದಿದ್ದಳು. ಆ ಹಾಲಿನಲ್ಲಿ ಯಾವುದು ಎಲ್ಲಿರುತ್ತದೆ ಎಂದು ಅವಳು ಹುಡುಕಬೇಕಾಗಲಿಲ್ಲ.

*

ಇನ್‌ಸ್ಪೆಕ್ಟರ್ ಕ್ಯಾಮೆರಾವನ್ನು ಎತ್ತಿಕೊಂಡು ಒಳಗೆ ಹೋಗಿ ಮತ್ತೆ ವೈರು ಸಿಕ್ಕಿಸಿದಳು. ಮೂಗಿಗೆ ಕರವಸ್ತ್ರ ಒತ್ತಿಕೊಂಡ ಮೀಸೆ ಆಂಬುಲೆನ್ಸಿಗೆ ಫೋನು ಮಾಡಿ ಹಿಂದೆಯೇ ಬಂದ. ಮಾಸ್ತರ ಹೆಂಡತಿ ಕರೆಯದೆಯೇ ಬಂದಳು.

"ಮೈದುನ ಅಳಿಸಿದ್ನಾ?"

"ಹೌದು. ಹದಿನೇಳರ ಚಿತ್ರ ಪೂರಾ ಹೋಗಿದೆ."

"ಚಿತ್ರ ಹೋಗ್ಲಿ. ಕಪ್ಪು?"

"ಯಾವ ಕಪ್ಪು?"

"ಅವರದೊಂದು ಗೀಳು," ಎಂದಳು ಹೆಂಗಸು. ಅಷ್ಟು ದುಃಖದಲ್ಲೂ ಹಳೆಯ ಸಂಸಾರದ ಬೇಸರವೊಂದು ದನಿಯಲ್ಲಿ ಇಣುಕಿತು. "ದಿನದ ಆಟ ಮುಗಿದ ಮೇಲೆ ಕ್ಯಾಮೆರಾದ ಬಾಯಿಗೆ ಮುಚ್ಚಳ ಹಾಕಿ ಇನ್ನೂ ಒಂಚೂರು ಓಡಿಸ್ತಿದ್ರು. ಮಧ್ಯೆ ಖಾಲಿ ಜಾಗ ಬಿಟ್ರೆ ತಾರೀಕು ಹುಡುಕೋ ಗುಂಡಿ ದಾರಿ ತಪ್ಪುತ್ತಂತೆ. ಊಟಕ್ಕೆ ಬನ್ನಿ ಅಂತ ಫೋನು ಮಾಡಿದ್ರೆ, ತಾಳೇ ಕಪ್ಪು ತುಂಬ್ತಿದೀನಿ ಅನ್ನೋರು. ಅನ್ನಕ್ಕಿಂತ ಅದು ಹೆಚ್ಚು."

ಇನ್‌ಸ್ಪೆಕ್ಟರ್ ಕೈ ರಿಮೋಟಿನ ಮೇಲೆ ನಿಂತಿತು.

"ಈ ಗುಂಡಿಗೆ ಸಣ್ಣ ತುಣುಕು ಸಿಗುತ್ತಾ?"

"ಇಲ್ಲ. ಒಂದೆರಡು ನಿಮಿಷಕ್ಕಿಂತ ಕಮ್ಮಿ ಇದ್ರೆ ಅದು ಹಾರಿ ಹೋಗುತ್ತೆ. ಅದಕ್ಕೂ ಬೈಕೊಳ್ಳೋರು."

ಸಣ್ಣ ಮಾಸ್ತರ ಏನು ಮಾಡಿರಬಹುದೆಂದು ಆಕೆಗೆ ಈಗ ಹೊಳೆಯಿತು. ಟೇಪನ್ನು ಓಡಿಸಿ ನೋಡಿದ್ದಾನೆ. ಓಡಿಸುವಾಗ ಚಿತ್ರ ಕಾಣುತ್ತದೆ, ದನಿ ಬರುವುದಿಲ್ಲ. ಆಟ ಮುಗಿದು ಪರದೆ ಕಪ್ಪಾದಾಗ, ಇನ್ನೇನಿಲ್ಲ ಎಂದುಕೊಂಡಿದ್ದಾನೆ. ಅಲ್ಲಿಯವರೆಗೆ ಛಾವಣಿ ತುಂಬಿ ನಿಲ್ಲಿಸಿದ್ದಾನೆ.

ಮುಚ್ಚಳಕ್ಕೆ ಕಣ್ಣು ಮುಚ್ಚಲು ಬರುತ್ತದೆ. ಕಿವಿ ಮುಚ್ಚಲು ಬರುವುದಿಲ್ಲ.

ಆಕೆ ಹತ್ತೊಂಬತ್ತರ ಕೊನೆಗೆ ಬಂದು, ಗುಂಡಿಯ ತಂಟೆಗೆ ಹೋಗದೆ, ಟೇಪನ್ನು ಅದರ ನಡಿಗೆಯಲ್ಲೇ ಬಿಟ್ಟಳು. ಛಾವಣಿ, ಛಾವಣಿ, ಛಾವಣಿ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ದೊಡ್ಡ ಅಂಗೈ. ಆಮೇಲೆ ಕತ್ತಲೆ. ಮೂಲೆಯ ಅಂಕಿ ಹದಿನೇಳಾಗಿತ್ತು.

"ಅವರ ಕೈ," ಎಂದಳು ಮಾಸ್ತರ ಹೆಂಡತಿ.

ಕತ್ತಲೆಯೊಳಗೆ ಮಾಸ್ತರು ಕೆಮ್ಮಿದರು. ನೀರು ಕುಡಿದರು. ಕ್ಯಾನ್ವಾಸಿನ ಮೇಲೆ ಬರಿಗಾಲಿನ ಹೆಜ್ಜೆಗಳು ಹತ್ತಿರ ಬಂದವು.

"ಪಟ್ಟಿ ಬಿಚ್ಚಲಿಲ್ವಾ ಇನ್ನೂ? ತಾ ಇಲ್ಲಿ." ಮಾಸ್ತರ ದನಿ ಸಲುಗೆಯದು. ಆಮೇಲೆ ಆ ದನಿಯಿಂದ ಸಲುಗೆ ಒಮ್ಮೆಲೇ ಇಳಿದುಹೋಯಿತು. "ಏನಿದು? ಕಲ್ಲಿನ ಹಾಗಿದೆ. ಇದನ್ನ ಕಟ್ಕೊಂಡು ಆಡಿದ್ಯಾ? ಎಡಚನ ಪಕ್ಕೆ ಹೋದದ್ದು ಇದರಿಂದಲಾ?"

ಬರಿಗಾಲುಗಳು ಒಂದು ಹೆಜ್ಜೆ ಹಿಂದೆ ಸರಿದ ಸದ್ದು.

"ಅವನು ನೋವು ನುಂಗ್ಕೊಂಡು ಸುಮ್ನೆ ಹೊರಟುಹೋದ. ನಿನ್ನ ಮೇಲೆ ಒಂದು ಮಾತು ಆಡಲಿಲ್ಲ. ಇನ್ನು ಮೇಲೆ ನೀನು ಈ ರಿಂಗು ಹತ್ತೋ ಹಾಗಿಲ್ಲ. ಇಳಿ."

ಮೊದಲ ಏಟಿಗೆ ಏನೋ ಒಡೆದ ಸದ್ದು. ಎರಡನೆಯದಕ್ಕೆ ಮಾಸ್ತರು ಒಂದು ಅಕ್ಷರ ಹೇಳಲು ಹೋದರು. ಅದಕ್ಕೆ ಬೇಕಾದ ದವಡೆ ಇರಲಿಲ್ಲ. ಆಮೇಲಿನವು ಒಂದರ ಹಿಂದೊಂದು, ಅವಸರವಿಲ್ಲದೆ, ಒನಕೆ ಕುಟ್ಟಿದ ಹಾಗೆ. ಮೈ ನೆಲಕ್ಕೆ ಬಿತ್ತು. ಏಟು ನಿಲ್ಲಲಿಲ್ಲ. ಒಣ ಸದ್ದು ಒದ್ದೆ ಸದ್ದಾಯಿತು.

ಮೀಸೆ ತಲೆ ತಗ್ಗಿಸಿಕೊಂಡ. ಮಾಸ್ತರ ಹೆಂಡತಿ ಕಲ್ಲಿನಂತೆ ಕೂತಿದ್ದಳು. ಅವಳ ಮುಖದಲ್ಲಿ ಆಗ ಇದ್ದದ್ದು ಹಸಿ ಹಸಿ ದ್ವೇಷ ಮಾತ್ರ.

ಆಮೇಲೆ ಏಟು ನಿಂತಿತು. ಯಾರೋ ಏದುಸಿರು ಬಿಡುತ್ತಿದ್ದರು. ಆ ಏದುಸಿರಿನ ನಡುವೆ, ಬಿದ್ದವರ ಮೇಲೆ ಬಗ್ಗಿ ರೆಫರಿ ಎಣಿಸುವಂತೆ, ಅಂಕಿ ಎಣಿಸುವ ದನಿಯೊಂದು ಕೇಳಿಸಿತು.

"ಒಂದು... ಎರಡು... ಮೂರು..."

ಮೆಲ್ಲಗಿನ ದನಿ. ಗಂಡೋ ಹೆಣ್ಣೋ ಹೇಳಲಾಗದಷ್ಟು ಮೆಲ್ಲಗೆ. ಮಗುವನ್ನು ಎಬ್ಬಿಸಲು ಹೋಗಿ, ಮಲಗಿರಲಿ ಬಿಡು ಎಂದುಕೊಂಡವರ ದನಿ.

"ಎಡಚನದಲ್ಲ," ಎಂದು ಮೀಸೆ ಪಿಸುಗುಟ್ಟಿದ. "ಅವನು ಬಾಯಿ ಬಿಟ್ರೆ ಜರಡಿಯಲ್ಲಿ ಕಲ್ಲು ಆಡಿಸಿದ ಹಾಗಿರುತ್ತೆ. ಹೊರಗೆ ಬಿದ್ದಿದ್ದಾನಲ್ಲ, ಅವನದೂ ಅಲ್ಲ."

"...ನಾಲ್ಕು... ಐದು..."

ಐದರ ನಂತರ ಆ ದನಿ ಒಂದು ಸಣ್ಣ ಉಸಿರು ಎಳೆದುಕೊಂಡಿತು. ಅಷ್ಟೇ. ಇನ್‌ಸ್ಪೆಕ್ಟರಿಗೆ ಅದರಲ್ಲಿ ಏನೂ ಕೇಳಿಸಲಿಲ್ಲ.

ಮಾಸ್ತರ ಹೆಂಡತಿ ಎದ್ದಳು. ನಿಧಾನವಾಗಿ ಬಾಗಿಲವರೆಗೆ ನಡೆದು ಹೋದಳು. ಹೊರಗೆ ರಿಂಗಿನ ಕಂಬದ ಬುಡದಲ್ಲಿ ಮಗಳು ಚಿಕ್ಕಪ್ಪನ ಹಣೆಗೆ ಎಡಗೈಯಲ್ಲಿ ಐಸು ಒತ್ತುತ್ತ ಕೂತಿದ್ದಳು; ಈ ಕಡೆಗೇ ನೋಡುತ್ತಿದ್ದಳು. ತಾಯಿ ಅವಳನ್ನು ಒಂದು ಗಳಿಗೆ ನೋಡಿದಳು. ನೋಡಿ, ಕೋಣೆಯ ಬಾಗಿಲು ಮುಚ್ಚಿದಳು. ಚಿಲಕ ಹಾಕಿದಳು.

ಎಣಿಕೆ ಹತ್ತಕ್ಕೆ ಮುಟ್ಟುವ ಮೊದಲೇ ಟೇಪು ಮುಗಿದು ಟಕ್ ಎಂದಿತು.

ಇನ್‌ಸ್ಪೆಕ್ಟರ್ ಒಡೆದ ತುಟಿಯನ್ನು ಒರೆಸಿಕೊಂಡಳು. ಗೋಡೆಯ ಗಡಿಯಾರ ಎರಡು ದಾಟಿತ್ತು.

"ಅಮ್ಮ. ಆ ದನಿ ನಿಮಗೆ ಗೊತ್ತು."

ಹೆಂಗಸು ಚಿಲಕದ ಮೇಲಿನ ಕೈ ತೆಗೆಯಲಿಲ್ಲ.

"ನನಗೆ ಬರೀ ಅನುಮಾನ ಬಂದ್ರೆ ಸಾಲದು. ಗೊತ್ತಿರೋರು ಹೇಳ್ಬೇಕು. ಇದು ಇಂಥವರ ದನಿ ಅಂತ ಒಂದೇ ಒಂದು ಮಾತು ಹೇಳಿ. ಈಗಲೇ ಫೋನು ಮಾಡ್ತೀನಿ, ಎಡಚ ಸಂಜೆಗೆ ನಿಮ್ಮ ಮನೆಯಲ್ಲಿರ್ತಾನೆ. ಇಲ್ಲಾಂದ್ರೆ ಅವನು ಆ ಪಾದದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕು. ಆಮೇಲೆ ಅವನನ್ನ ಇಳಿಸೋಕೆ ನನ್ನ ಕೈಯಲ್ಲೂ ಆಗಲ್ಲ. ಅವನೂ ನನ್ನ ಮಗನೇ ಅಂದ್ರಿ."

"ಅಂದೆ," ಎಂದಳು ಮಾಸ್ತರ ಹೆಂಡತಿ. ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. "ಈಗಲೂ ಅಂತೀನಿ. ನಾಳೆಯೂ ಅಂತೀನಿ."

"ಹಾಗಾದ್ರೆ ಹೆಸರು ಹೇಳಿ."

"ಹೇಳಲ್ಲ."